ಗೊತ್ತಿಲ್ಲ ಎಂದ ವಕೀಲರು

ಆ ದಿನ ಬೀದರಿನ ಕಚೇರಿಯ ವಕೀಲರ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಸರ್ಕಾರಿ ವಕೀಲರು, ಎಲೆಯಡಿಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಬಾಗಿಲ ಪಕ್ಕದ ಬೆಂಚಿನಲ್ಲಿ ಭಾಲ್ಕಿಯಿಂದ ಬಂದ ಒಬ್ಬ ಹೊಸ ವಕೀಲ, ಮೈಮೇಲೆ ಇನ್ನೂ ಗಂಜಿ ಬಿಡದ ಖಾದಿ ಅಂಗಿ. ಮೂರನೆಯವನು ನಾನು. ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮಲಗಿದ್ದಾರೋ ಕೇಳುತ್ತಿದ್ದಾರೋ ತಿಳಿಯದಂತೆ ಕೂತಿದ್ದ ನಾಲ್ಕನೆಯವರು ಅವರು, ನನಗೆ ವಕೀಲಿ ಕಲಿಸಿದ ಹಿರಿಯರು.

ಪೊಲೀಸ್ ಆ್ಯಕ್ಷನ್ ಆಗಿ, ಹೈದರಾಬಾದ್ ರಾಜ್ಯ ಭಾರತದ ಸೈನ್ಯದ ಕೈಗೆ ಬಂದು, ಒಂದು ಚಳಿಗಾಲ ಕಳೆದಿತ್ತು. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಒಳಗಿನ ಕಾಗದಗಳು ಮಾತ್ರ ಉರ್ದುವಿನಲ್ಲೇ ಇದ್ದವು. ಒಬ್ಬ ಹೆಣ್ಣುಮಗಳು ಬಂದು ಹೊಸ್ತಿಲ ಹೊರಗೇ ನಿಂತಳು. ಹಲಬರ್ಗಾದ ಹತ್ತಿರದ ಒಂದು ಹಳ್ಳಿಯ ಪಿಂಜಾರನ ಹೆಂಡತಿ ಅಂತ ಹೇಳಿಕೊಂಡಳು. ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜಿಕೊಡುವವರು ಪಿಂಜಾರರು. ಅವಳ ಗಂಡನ ಮೇಲೆ ಖೂನಿಯ ಮೊಕದ್ದಮೆ. ಹಿಂದಿನ ಸರ್ಕಾರದ ಪರದ ರಜಾಕಾರರ ದಂಡಿಗೆ ಮನೆ ತೋರಿಸಿ ಒಬ್ಬ ಒಕ್ಕಲಿಗನನ್ನು ಕೊಲ್ಲಿಸಿದ ಅಂತ ಫಿರ್ಯಾದು. ಅವನ ಪರ ನಿಲ್ಲುವವರು ಯಾರೂ ಸಿಕ್ಕಿರಲಿಲ್ಲ.

ಭಾಲ್ಕಿಯ ಹೊಸ ವಕೀಲ ಕೂತಲ್ಲಿಂದಲೇ ಹೇಳಿದ, "ನಿನ್ನ ಗಂಡಗ ವಕೀಲ ಯಾಕವಾ? ಹಗ್ಗ ಸಾಕಲ್ಲ."

ಅವರು ಕಣ್ಣು ತೆರೆದರು. "ತಮ್ಮಾ, ನಿನ್ನ ಅಂಗಿ ಚಂದ ಅದ. ಒಂದೆರಡು ಸಲ ಒಗದ ಮ್ಯಾಲ ಮೆತ್ತಗಾಗ್ತದ," ಅಂದರು. ಆಮೇಲೆ ಆ ಹೆಣ್ಣುಮಗಳ ಕಡೆ ತಿರುಗಿ, "ಊಟ ಆಗ್ಯಾದೇನವಾ? ಮೊದಲು ಏನಾರ ತಿನ್ನು. ನಾ ನಿಲ್ತೇನಿ," ಅಂದರು.

ಸರ್ಕಾರಿ ವಕೀಲರು ಡಬ್ಬಿ ಮುಚ್ಚಿದರು. "ಯೋಚನಿ ಮಾಡ್ರಿ ಸಾಹೇಬ್ರ. ಊರು ನಿಮ್ಮನ್ನ ಹೆಗಲ ಮ್ಯಾಲ ಹೊತ್ಕೊಂಡದ. ಇಳಿಸ್ಲಾಕ ಹೊತ್ತು ಹಿಡಿಯಂಗಿಲ್ಲ."

"ಇಳಿಸ್ಲಿ ಬಿಡ್ರಿ. ಅಷ್ಟೆತ್ತರ ಕೂತು ನನಗೂ ತಲಿ ತಿರಗ್ಲಾಕತ್ತದ."

ಹೆಗಲ ಮೇಲೆ ಹೊತ್ತದ್ದು ಮಾತಿಗೆ ಹೇಳಿದ್ದಲ್ಲ, ಖರೇನೇ ಹೊತ್ತಿದ್ದರು. ಹಿಂದಿನ ಸರ್ಕಾರದ ಕೊನೆಯ ದಿನಗಳಲ್ಲಿ ತಾರಿನ ತಂತಿ ಕತ್ತರಿಸಿದರೆಂದು ಔರಾದ ಕಡೆಯ ಕೆಲವು ಹುಡುಗರನ್ನು ಹಿಡಿದು ತಂದಿದ್ದಾಗ ಅವರ ಪರ ನಿಲ್ಲುವ ಧೈರ್ಯ ಇದ್ದವರು ಇವರೊಬ್ಬರೇ. "ಇವರೇ ಕತ್ತರಿಸಿರಬಹುದು, ಇರಲಿಕ್ಕಿಲ್ಲ. ನನಗೆ ಗೊತ್ತಿಲ್ಲ. ಹುಜೂರಿಗೂ ಗೊತ್ತಿಲ್ಲ. ಗೊತ್ತಿಲ್ಲದಾಗ ಬಿಡಬೇಕು," ಅಂತ ಶುದ್ಧ ಉರ್ದುವಿನಲ್ಲಿ, ನ್ಯಾಯಾಧೀಶರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು. ಹುಡುಗರು ಬಿಡುಗಡೆಯಾದರು. ಜನ ಇವರನ್ನು ಹೊತ್ತು ಚೌಬಾರದ ತನಕ ಕುಣಿದರು. ಇವರ ಕಾಲಿನ ಜೋಡೊಂದು ಎಲ್ಲೋ ಬಿದ್ದು, ಮನೆಗೆ ಬಂದದ್ದು ಒಂದೇ ಜೋಡಿನಲ್ಲಿ.

ಅವರ ಹೆಸರು ನಾನು ಬರೆಯುವುದಿಲ್ಲ. ಹೊಗಳಿದವರೂ ಬೈದವರೂ ಆ ಹೆಸರನ್ನು ಬಳಸಿ ಸವೆಸಿಬಿಟ್ಟರು. ಆಳು ಎತ್ತರ, ಸಪೂರ. ಹಣೆಗೆ ಮೂರು ಬೆರಳ ವಿಭೂತಿ, ಮೈಗೆ ಶೇರವಾನಿ, ತಲೆಗೆ ಗೊಂಡೆಯ ಕೆಂಪು ರೂಮಿ ಟೋಪಿ. ಪೊಲೀಸ್ ಆ್ಯಕ್ಷನ್ ಆದ ವಾರದಲ್ಲೇ ಕಚೇರಿಯ ರೂಮಿ ಟೋಪಿಗಳೆಲ್ಲ ಮಾಯವಾಗಿ ಬಿಳಿ ಟೋಪಿಗಳು ಹುಟ್ಟಿಕೊಂಡವು. ಇವರ ತಲೆಯ ಮೇಲೆ ಅದೇ ಕೆಂಪು. "ಬದಲಿಸ್ರಿ, ಮಂದಿ ಏನಾರ ಅಂದಾರು," ಅಂತ ನಾನು ಹೇಳಿದರೆ, "ಒಳಗಿನ ತಲಿ ಬದಲಾಗಿಲ್ಲಲ್ಲೋ. ಮ್ಯಾಲಿಂದು ಬದಲಿಸಿ ಏನ್ ಮಾಡ್ಲಿ?" ಅನ್ನುತ್ತಿದ್ದರು.

ನಾನು ವಕೀಲನಾಗಿ ನಾಲ್ಕು ಮಾತು ಕಲಿತದ್ದು ಅವರ ಕೈಕೆಳಗೆ. ನಮ್ಮ ಎರಡು ಮನೆಗೂ ಒಂದೇ ಕೆಂಪು ಕಲ್ಲಿನ ಗೋಡೆ. ಆ ಕಡೆಯ ಮಾತು ಈ ಕಡೆಗೆ ನಿಚ್ಚಳ ಕೇಳುತ್ತಿತ್ತು. ಖೂನಿಯ ಕೇಸು ಬಂದರೆ ಅವರು ಮೊದಲು ವಾದಿಸುತ್ತಿದ್ದದ್ದು ಎದುರಾಳಿಯ ಪರ. ಅಂಗಳದ ಒಂದು ಕಟ್ಟೆಯ ಮೇಲೆ ಕೂತು ತಮ್ಮ ಕಕ್ಷಿದಾರನನ್ನೇ ಗಲ್ಲಿಗೇರಿಸುವಂತೆ ಮಾತಾಡಿ, ಆಮೇಲೆ ಎದ್ದು ಎದುರಿನ ಕಟ್ಟೆಗೆ ಹೋಗಿ ಅದಕ್ಕೆ ಉತ್ತರ ಕೊಡುತ್ತಿದ್ದರು. ಅವರ ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದರು, "ಈಗ ಯಾರ ಪರ ಇದ್ದೀರಿ ಹೇಳ್ರಿ. ಆ ಕಡಿಯವರಿಗೆ ಸಾರು ಇಲ್ಲ, ಈ ಕಡಿಯವರಿಗೆ ಅಷ್ಟ ಮಾಡೀನಿ." ಅವರು ತಪ್ಪಿತಸ್ಥರಂತೆ ಈ ಕಟ್ಟೆಗೆ ಬಂದು ಕೂಡುತ್ತಿದ್ದರು.

ಖೂನಿಯಾದ ಜಾಗವನ್ನು ತಾವೇ ಹೋಗಿ ನೋಡಬೇಕು, ಅದೊಂದು ಹಟ. ಹೋಗುವಾಗ ಮನೆಯಿಂದ ತಾಮ್ರದ ಚೊಂಬಿನಲ್ಲಿ ನೀರು ಒಯ್ಯುತ್ತಿದ್ದರು. ಆ ಊರಲ್ಲಿ ಯಾರ ಮನೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ, ಕೊಂದವರ ಕಡೆಯಲ್ಲಿಯೂ ಇಲ್ಲ, ಸತ್ತವರ ಕಡೆಯಲ್ಲಿಯೂ ಇಲ್ಲ. ಜಾತಿಯ ಮಡಿಯೇನೋ ಅಂತ ಜನ ತಿಳಿದಿದ್ದರು. ನಾನೂ ಒಮ್ಮೆ ಕೇಳಿದೆ. "ಬಿಸಿಲಾಗ ಬಂದವಗ ನೀರು ಕೊಟ್ಟವರು ದೇವರಂಗ ಕಾಣ್ತಾರೋ. ಹಂಗ ಕಾಣಬಾರದು," ಅಂದರು.

ಪಿಂಜಾರನ ಊರಿಗೂ ಹಾಗೇ ಹೋದೆವು. ಊರು ಬಾಯಿ ಮುಚ್ಚಿಕೊಂಡಿತ್ತು. ಸತ್ತವನ ತಮ್ಮ, ಗಟ್ಟಿಮುಟ್ಟಾದ ಆಳು, ನಾವು ನಡೆದಲ್ಲೆಲ್ಲ ಬೆನ್ನ ಹಿಂದೆ ಬಂದ. ಫಿರ್ಯಾದು ಕೊಟ್ಟವನು ಅವನೇ. ಸುಟ್ಟ ಬಣವೆಯ ಕಪ್ಪು ಇನ್ನೂ ಗೋಡೆಗೆ ಹತ್ತಿಕೊಂಡಿತ್ತು. ಸತ್ತವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವರು ಅವಳಿಗೆ ಕೈಮುಗಿದರು. ಒಂದು ಮಾತೂ ಕೇಳಲಿಲ್ಲ. "ಸರ್ಕಾರದ ಸಾಕ್ಷಿ. ಕಚೇರ್‍ಯಾಗ ಎಲ್ಲಾರ ಎದುರಿಗೆ ಕೇಳಬೇಕು," ಅಂದರು ನನಗೆ.

ಆದದ್ದು ಇಷ್ಟು. ಮುಂಗಾರಿನ ಮೊದಲು, ದನ ಮನೆಗೆ ಬರುವ ಹೊತ್ತು, ಖಾಕಿ ತೊಟ್ಟವರ ದಂಡು ಊರಿಗೆ ನುಗ್ಗಿತು. ಎಲ್ಲರ ಮುಂದೆ ನಡೆದು ಬಂದವನು ಪಿಂಜಾರ. ಮನೆಯ ಮುಂದೆ ನಿಂತಿದ್ದ ಆ ಒಕ್ಕಲಿಗನ ಹೆಂಡತಿಗೆ, "ಯಕ್ಕಾ, ಒಳಗ ನಡಿ, ಬಾಗಲಾ ಹಾಕ್ಕೋ," ಅಂದ. ಅವಳು ಒಳಗೆ ಹೋದಳು. ಹಿತ್ತಲಿನಿಂದ ಬಂದ ಗಂಡ ಅಂಗಳದಲ್ಲಿ ಸಿಕ್ಕಿಬಿದ್ದ. ಗುಂಡಿನ ಸದ್ದು ಕೇಳಿತು.

ಜೈಲಿನಲ್ಲಿ ಪಿಂಜಾರ ನಮ್ಮೆದುರು ಕೂತು ನೆಲ ನೋಡುತ್ತ ಹೇಳಿದ, "ಬೆನ್ನಿಗೆ ಬಂದೂಕು ಹಚ್ಚಿದ್ರು ಸಾಹೇಬ್ರ. ಯಾವುದಾರ ದೊಡ್ಡ ಮನಿ ತೋರ್ಸು ಅಂದ್ರು. ಆ ಮನಿ ಅಣ್ಣ ಮುಂಜಾನಿ ಭಾಲ್ಕಿಗಿ ಹೋಗೂದು ನೋಡಿದ್ದೆ. ಗಂಡಸರಿಲ್ಲದ ಮನಿ, ಕಾಳು ಒಯ್ತಾರ, ಜೀವ ಉಳೀತಾವ ಅಂತ ಅದನ್ನ ತೋರಿಸ್ದೆ. ಅಂವ ಮಧ್ಯಾಹ್ನಾನ ಬಂದಾನಂತ ನನಗ ಗೊತ್ತಿದ್ದಿಲ್ಲರಿ."

ಅವರು ಕೇಳಿದರು, "ಇದನ್ನ ನಿನ್ನ ಯಕ್ಕಗ ಹೇಳಿಯೇನು?"

"ಹೇಳಬೇಕಂತ ಪಂಚಮಿಗಿ ಹೋಗಿದ್ದೆರಿ. ಬಾಯಿ ಬರಲಿಲ್ಲ."

ನಮ್ಮ ಕಡೆ ನಾಗರ ಪಂಚಮಿ ಅಂದರೆ ಅಣ್ಣತಮ್ಮಂದಿರ ಹಬ್ಬ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ್ದೇನೂ ಒಲೆಯ ಮೇಲೆ ಏರುವುದಿಲ್ಲ. ಜೋಳದ ಅರಳು, ನಮ್ಮ ಮಾತಿನಲ್ಲಿ ಅಳ್ಳು, ಹುರಿಯುವುದೂ ಇಲ್ಲ. ತವರಿನ ತಮ್ಮನೋ ಅಣ್ಣನೋ ಅಳ್ಳು, ಬೆಲ್ಲ ಕಟ್ಟಿಕೊಂಡು ಬರಬೇಕು. ಸತ್ತವನ ಹೆಂಡತಿಯ ತವರು ದೂರದ ಠಾಣಾ ಕುಶನೂರ. ಗದ್ದಲದ ದಿನ, ದಾರಿ ಬಂದಾಗಿತ್ತು, ಯಾರೂ ಬಂದಿರಲಿಲ್ಲ. ಈ ಪಿಂಜಾರ ಅಳ್ಳು ಒಯ್ದು ಅವಳ ಕಟ್ಟೆಯ ಮೇಲಿಟ್ಟಿದ್ದ. ಅವಳು ಒಳಗೆ ತೆಗೆದುಕೊಂಡಿದ್ದಳು. ಇದೆಲ್ಲ ಆದದ್ದು ಪೊಲೀಸ್ ಆ್ಯಕ್ಷನ್ನಿಗೆ ಮುಂಚೆ, ಯಾರ ಬಾಯಲ್ಲೂ ಇನ್ನೂ ಪಿಂಜಾರನ ಹೆಸರು ಬಂದಿರದ ದಿನಗಳಲ್ಲಿ.

ಇಷ್ಟು ಹೇಳಿ ಪಿಂಜಾರ ತಲೆಯೆತ್ತಿದ. "ಆದ್ರ ಇದನ್ನ ಯಕ್ಕಗ ಕೇಳಬ್ಯಾಡ್ರಿ. ಕೊಂದವನ ಕೈಯಾಗಿಂದು ತಗೊಂಡಾಳ ಅಂತ ಊರಾಗ ಆಕಿನ್ನ ಬಾಳಿಸಿಕೊಡಂಗಿಲ್ಲ."

"ಕೇಳದಿದ್ರ ನಿನ್ನ ಗತಿ?"

"ನನ್ನ ಗತಿ ಬಿಡ್ರಿ."

ಹೊರಗೆ ಬಂದ ಮೇಲೆ ನಾನು, "ಖರೆ ಹೇಳ್ತಾನ ಅನಿಸ್ತದರಿ," ಅಂದೆ. ಅವರು ನನ್ನ ಮೇಲೆ ರೇಗಿದರು. "ನಿನಗ ಹ್ಯಾಂಗ ಗೊತ್ತು? ಜೈಲಿನ್ಯಾಗ ಕೂತವಗ ಕತಿ ಕಟ್ಲಾಕ ಬೇಕಾದಷ್ಟು ಹೊತ್ತದ. ಖರೆ ಇರಬಹುದು. ಇರಲಿಕ್ಕಿಲ್ಲ. ಆಕಿನೂ ಗಂಡನ್ನ ಕಳಕೊಂಡಾಕಿ ಅನ್ನೂದು ಮರೀಬ್ಯಾಡ." ಆ ಸಂಜೆ ಗೋಡೆಯಾಚೆ ಎರಡೂ ಕಟ್ಟೆಯ ವಾದ ಕೇಳಿಸಲಿಲ್ಲ. ಹೆಂಡತಿ ಕೇಳಿದ್ದು ಮಾತ್ರ ಕೇಳಿಸಿತು, "ಇವತ್ತ ಯಾರ ಪರ ಇದ್ದೀರಿ?"

ವಿಚಾರಣೆಯ ದಿನ ಕಚೇರಿ ಕಿಕ್ಕಿರಿದಿತ್ತು. ಸತ್ತವನ ಹೆಂಡತಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಒಂದು ಮಾತು ಹೆಚ್ಚಿಗೆ ಇಲ್ಲ, ಕಡಿಮೆ ಇಲ್ಲ. ಸರ್ಕಾರಿ ವಕೀಲರು, "ಸಾಕ್ಷಿ ಇರಬಾರದಂತನೇ ಈಕಿನ್ನ ಒಳಗ ಕಳಿಸ್ಯಾನ ಹುಜೂರ್," ಅಂತ ಕೂತರು. ಇವರು ಎದ್ದರು. ನಾನು ಅವರ ಮಗ್ಗುಲಲ್ಲಿದ್ದೆ. ಕೇಳಬೇಡಿ ಅಂದಿದ್ದ ಪಿಂಜಾರನ ಕಡೆ ಒಮ್ಮೆ ನೋಡಿ, ಕೇಳಿದರು.

"ಅವ್ವಾ, ಆ ವರ್ಷ ಪಂಚಮಿಗಿ ನಿಮ್ಮ ತವರಿನಿಂದ ಯಾರು ಬಂದಿದ್ರು?"

"ಯಾರೂ ಬರಲಿಲ್ಲರಿ. ದಾರಿ ಬಂದ್ ಇತ್ತು."

"ಮತ್ತ ನಿಮ್ಮ ಮನಿಗಿ ಅಳ್ಳು ಯಾರು ತಂದ್ರು?"

ಹಿಂದೆ ಯಾರೋ ನಕ್ಕರು. ಸರ್ಕಾರಿ ವಕೀಲರು ಎದ್ದು, "ಖೂನಿ ಕೇಸಿನ್ಯಾಗ ಅಳ್ಳಿನ ಸುದ್ದಿ ಯಾಕರಿ?" ಅಂದರು. ನ್ಯಾಯಾಧೀಶರು ಹೈದರಾಬಾದಿನ ಕಡೆಯವರು, ಕನ್ನಡ ಬಾರದವರು. ಅವರಿಗೆ ಪಂಚಮಿಯ ಪದ್ಧತಿಯನ್ನು ಉರ್ದುವಿನಲ್ಲಿ ತಿಳಿಸಿ ಹೇಳಬೇಕಾಯಿತು. ಅಷ್ಟು ಹೊತ್ತೂ ಆಕೆ ಫಿರ್ಯಾದು ಕೊಟ್ಟ ಮೈದುನನನ್ನು ನೋಡುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಿದ್ದ, ಬೇಡ ಅನ್ನುವಂತೆ. ಕಟಕಟೆಯಲ್ಲಿ ಪಿಂಜಾರನೂ ತಲೆ ಅಲ್ಲಾಡಿಸುತ್ತಿದ್ದ.

ಆಕೆ ಸೆರಗು ಸರಿಮಾಡಿಕೊಂಡಳು. "ಅಂವನ ತಂದಿದ್ದ, ಪಿಂಜಾರ."

"ತಗೊಂಡ್ರೇನು?"

"ತಗೊಂಡೆ. ಮಗಳ ಉಡ್ಯಾಗ ಹಾಕ್ದೆ."

"ಆವಾಗ ನಿಮಗ ಅಂವ ಏನಾಗಿ ಕಾಣ್ತಿದ್ದ?"

"ತಮ್ಮ."

"ಈಗ?"

ಆಕೆ ಮೊದಲ ಸಲ ಪಿಂಜಾರನ ಕಡೆ ನೋಡಿದಳು. "ಈಗ ಎಲ್ಲಾರೂ ಹೇಳ್ತಾರರಿ, ಅಂವನ ಕೊಲ್ಲಿಸ್ಯಾನಂತ. ಕೇಳಿ ಕೇಳಿ ನನಗೂ ಹಂಗ ಅನಿಸ್ತದ. ಒಮ್ಮೊಮ್ಮೆ ಅನಿಸಂಗಿಲ್ಲ. ನನಗ ತಿಳಿವಲ್ದು."

ಅವರು ಅವಳಿಗೆ ಕೈಮುಗಿದು ಕೂತರು. ವಾದದ ಸರದಿ ಬಂದಾಗ ಬಹಳ ಮಾತಾಡಲಿಲ್ಲ. "ಬಂದೂಕಿಗೆ ಹೆದರಿ ಮನೆ ತೋರಿಸಿರಬಹುದು. ಮನಸ್ಸಿನಿಂದಲೇ ತೋರಿಸಿರಬಹುದು. ಆ ತಾಯಿಯನ್ನು ಉಳಿಸಲು ಒಳಗೆ ಕಳಿಸಿರಬಹುದು, ಸಾಕ್ಷಿ ಇರಬಾರದೆಂದೂ ಕಳಿಸಿರಬಹುದು. ನನಗೆ ಗೊತ್ತಿಲ್ಲ. ಹುಜೂರಿಗೂ ಗೊತ್ತಿಲ್ಲ. ಗಂಡನನ್ನು ಕಳೆದುಕೊಂಡವಳಿಗೇ ಗೊತ್ತಿಲ್ಲ. ಗೊತ್ತಿಲ್ಲದಾಗ ಬಿಡಬೇಕು," ಅಂದರು. ತಂತಿಯ ಕೇಸಿನ ಹುಡುಗರ ಪರ ಹೇಳಿದ್ದೇ ಮಾತು, ಅದೇ ದನಿ. ಸಂಶಯದ ಫಾಯದಾ, ಅಂದರೆ ಅನುಮಾನದ ಲಾಭ, ಕೊಟ್ಟು ಪಿಂಜಾರನನ್ನು ಬಿಟ್ಟರು.

ಈ ಸಲ ಯಾರೂ ಹೊರಲಿಲ್ಲ. ಮರುದಿನ ಅವರ ಬಾಗಿಲಿಗೆ ಸಗಣಿ ಬಿದ್ದಿತ್ತು. ಇವರು ಬಿಡಿಸಿದ ತಂತಿಯ ಕೇಸಿನ ಹುಡುಗರಲ್ಲೇ ಒಬ್ಬ ಚೌಬಾರದಲ್ಲಿ ನಿಂತು, "ಬರ್ರಿ ಪಿಂಜಾರ ವಕೀಲ್ರ, ನಮ್ಮ ಗಾದಿ ಹಿಂಜೂದದ," ಅಂತ ಕೂಗಿದ. ಅವರು ನಿಂತು, "ನಿನ್ನ ಗಾದಿ ಜೈಲಿನ್ಯಾಗ ಇರೂದಿತ್ತು ತಮ್ಮಾ," ಅಂದು ಮುಂದೆ ನಡೆದರು. ಅದು ನಾನು ಅವರ ಬಾಯಿಂದ ಕೇಳಿದ ಕೊನೆಯ ತಮಾಷೆ ಅಂತ ಕಾಣುತ್ತದೆ.

ಪಿಂಜಾರ ಹೇಳಿದ ಹಾಗೇ ಆಯಿತು. ಊರಲ್ಲಿ ಆಕೆಯ ಬದುಕು ಮುಗಿಯಿತು. ಅಣ್ಣನ ರಕ್ತ ಅಳ್ಳಿಗೆ ಮಾರಿದಾಕಿ ಅಂತ ಮೈದುನ ಅವಳ ಒಲೆ ಬೇರೆ ಹಾಕಿಸಿದ, ಬಾವಿಯಲ್ಲಿ ಅವಳ ಕೊಡದ ಜೊತೆ ಯಾರೂ ಕೊಡ ಇಳಿಸಲಿಲ್ಲ. ಪಿಂಜಾರ, ಹೆಂಡತಿ ಊರು ಬಿಟ್ಟು ಬೀದರಿನ ಹತ್ತಿರದ ಮೈಲೂರಿನಲ್ಲಿ ಒಂದು ಗುಡಿಸಲು ಹಾಕಿಕೊಂಡರು. ಆಕೆಯ ಸುದ್ದಿ ಅವನಿಗೆ ಮುಟ್ಟಿತು.

ಒಂದು ಮಧ್ಯಾಹ್ನ ಅವನು ಇವರ ಕಟ್ಟೆಗೆ ಬಂದ. "ಊರಿಗಿ ಹೋಗಿ ಬರ್ತೇನಿ ಸಾಹೇಬ್ರ. ಯಕ್ಕಗ ಆ ಮಾತು ಹೇಳಬೇಕು. ನನ್ನ ಸಲುವಾಗಿ ಆಕಿ ಇಷ್ಟು ಅನುಭೋಗ್ಸ್ಯಾಳ, ಆ ಮನಿ ಯಾಕ ತೋರ್ಸಿದೆ ಅಂತಾದರೂ ಆಕಿಗಿ ಗೊತ್ತಿರಬೇಕಲ್ಲರಿ."

"ಹೋಗಬ್ಯಾಡೋ. ಕಚೇರಿ ನಿನ್ನ ಬಿಟ್ಟದ, ಊರು ಬಿಟ್ಟಿಲ್ಲ."

ಅವನು ಹೂಂ ಅಂದ. ಆದರೂ ಹೋದ. ಹಲಬರ್ಗಾದ ಹಳ್ಳದಲ್ಲಿ ಅವನ ಹೆಣ ಸಿಕ್ಕಿತು, ಕೊಡಲಿಯ ಏಟು ತಿಂದದ್ದು. ಆ ಮನೆಯ ಬಾಗಿಲಿನ ತನಕ ಅವನು ಹೋಗಿ ಮುಟ್ಟಲೇ ಇಲ್ಲ.

ಮೂರು ನಾಲ್ಕು ದಿನಕ್ಕೆ ಆ ಒಕ್ಕಲಿಗನ ಹೆಂಡತಿ ಬೀದರಿಗೆ ಬಂದಳು. ನಾನೂ ಅಂಗಳದಲ್ಲಿದ್ದೆ. ಬಿಸಿಲಲ್ಲಿ ಬಂದವಳಿಗೆ ಅವರ ಹೆಂಡತಿ ನೀರು ಕೊಟ್ಟರು. ಆಕೆ ಚೊಂಬು ಕೈಯಲ್ಲೇ ಹಿಡಿದು ಮಾತಾಡಿದಳು. "ನನ್ನ ಮೈದುನ ದನ ನೀರು ಕುಡಿಯೂ ದೋಣ್ಯಾಗ ಕೊಡ್ಲಿ ತೊಳೀತಿದ್ದರಿ. ನೀರು ಕೆಂಪಾಗಿತ್ತು. ಕಣ್ಣಾರ ನೋಡೀನಿ. ಅವತ್ತ ನೀವು ಕೇಳಿದ್ರಿ, ನಾ ಹೇಳ್ದೆ. ಇವತ್ತ ಯಾರೂ ಕೇಳವಲ್ರು."

ಅವರು ಶೇರವಾನಿ ತೊಟ್ಟರು. ಮೂವರೂ ಭಾಲ್ಕಿಯ ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ನಗುನಗುತ್ತ ಕೂಡಿಸಿದ. "ತೊಳಿಯೂದು ನೋಡ್ಯಾಳ, ಕಡಿಯೂದು ನೋಡಿಲ್ಲ. ದನ ಕಡಿದಿರಬಹುದು, ಕುರಿ ಕಡಿದಿರಬಹುದು. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದಾಗ ಬಿಡಬೇಕಂತ ನೀವ ಹೇಳಿದ್ದಲ್ಲೇನ್ರಿ ವಕೀಲ ಸಾಹೇಬ್ರ?"

ಅವರ ಮುಖ ಕೆಂಪಾಯಿತು. "ಬಿಡಬೇಕೋ ಬ್ಯಾಡೋ ಅನ್ನೂದು ಕಚೇರಿ ಮಾತು. ನೀವು ಮೊದಲು ಕಚೇರಿ ತನಕ ತರ್ರಿ. ಈಕಿ ಮಾತು ಬರಕೋರಿ. ಅವನ ಪರ ಬೇಕಾದವರು ನಿಲ್ಲಲಿ, ಬೇಕಾದ್ದು ಕೇಳಲಿ. ಸತ್ತವನ ಪರ ಒಬ್ಬರಾರ ನಿಲ್ಲಬೇಕಲ್ಲ!"

"ಈಗಿನ ಹೊತ್ತಿನ್ಯಾಗ ಯಾರರಿ ನಿಲ್ಲೋರು?" ಅಂದ ಅವನು. ಬರೆದುಕೊಳ್ಳಲಿಲ್ಲ. ಬೀದರಿನ ದೊಡ್ಡವರ ಹತ್ತಿರ, ಆಮೇಲೆ ಹೈದರಾಬಾದಿನ ತನಕವೂ ಅವರು ಹೋಗಿಬಂದರು. ಎಲ್ಲ ಕಡೆಯೂ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಕೊಂದವರಾರೋ ತಿಳಿಯದು ಅಂತ ಬರೆದು ಆ ಸಾವನ್ನು ಮುಚ್ಚಿದರು. ಆಕೆ ಮಗಳನ್ನು ಕರೆದುಕೊಂಡು ಠಾಣಾ ಕುಶನೂರಿನ ತವರು ಸೇರಿದಳು.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದು ಬಹಳ ಇಲ್ಲ. ಅವರು ಖೂನಿಯ ಕೇಸು ಹಿಡಿಯುವುದನ್ನೇ ಬಿಟ್ಟುಬಿಟ್ಟರು. ಹೊಲದ ಬದು, ಪಾಲು, ಇಂಥವುಗಳಲ್ಲಿ ದಿನ ದೂಡಿದರು. ಗೋಡೆಯಾಚೆಯ ವಾದ ನಿಂತೇ ಹೋಗಿತ್ತು. ಒಮ್ಮೆ ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದರಂತೆ, "ಮೊದಲು ಇಬ್ಬರ ಜೋಡಿ ಸಂಸಾರ ಮಾಡಿದಂಗಿತ್ತವಾ. ಈಗ ಒಬ್ಬರೂ ಇಲ್ಲ." ನಾನು ಸಮಾಧಾನ ಹೇಳಲು ಹೋದರೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಆ ಪಂಚಮಿ ಮಾತು ನಾ ಕೇಳದಿದ್ರ ಅಂವ ಹಗ್ಗಕ್ಕ ಹೋಗ್ತಿದ್ದ, ಆಕಿ ಊರಾಗ ಉಳೀತಿದ್ಳು. ಕೇಳ್ದೆ. ಅಂವನೂ ಹೋದ, ಆಕಿನೂ ಹೋದ್ಳು. ಇದರಾಗ ಕಚೇರಿ ಏನ್ ಮಾಡ್ದಂಗಾತೋ?"

ಹೈದರಾಬಾದ್ ರಾಜ್ಯ ಒಡೆದು ನಾವು ಈ ಕಡೆಯ ಕನ್ನಡ ರಾಜ್ಯಕ್ಕೆ ಸೇರುವ ಸ್ವಲ್ಪ ಮುಂಚೆ ಆ ಮೈದುನನನ್ನು ಪೊಲೀಸರು ಹಿಡಿದರು. ಪಿಂಜಾರನ ಸಾವಿಗಲ್ಲ. ಬದುವಿನ ಜಗಳದಲ್ಲಿ ಅವನ ಪಕ್ಕದ ಹೊಲದವನೊಬ್ಬ ಕೊಲೆಯಾಗಿದ್ದ. ಕಣ್ಣಾರೆ ಕಂಡೆ ಅಂತ ಸಾಕ್ಷಿ ಹೇಳುವವನೊಬ್ಬ ಸಿಕ್ಕಿದ್ದ. ಸತ್ತವನು ಊರಿಗೆ ಬೇಕಾದವನು, ಈ ಸಲ ಊರು ಮೈದುನನ ಬೆನ್ನಿಗಿರಲಿಲ್ಲ. ಅವನ ಪರ ನಿಲ್ಲುವವರು ಯಾರೂ ಸಿಗಲಿಲ್ಲ. ಅವನ ಮುದಿ ತಾಯಿ ಬಂದು ಇವರ ಕಟ್ಟೆಯ ಮೇಲೆ ಕೂತಳು.

ಅವರು ತಾಮ್ರದ ಚೊಂಬಿಗೆ ನೀರು ತುಂಬಿಸಿಕೊಂಡು ಆ ಊರಿಗೆ ಹೋಗಿಬಂದರು. ನಾನು ಅವತ್ತು ಅವರ ಜೊತೆ ಜಗಳ ಮಾಡಿದೆ. "ಪಿಂಜಾರನ್ನ ಕೊಂದವ ಇಂವ. ನಿಮಗೂ ಗೊತ್ತು, ನನಗೂ ಗೊತ್ತು. ಒಂದರ ಬದಲಿ ಇನ್ನೊಂದಕ್ಕಾದರೂ ಹೋಗ್ಲಿ ಬಿಡ್ರಿ!"

"ಸಾಕ್ಷಿ ಹೇಳಾಂವ ಆ ದಿನ ಉದಗೀರ ಸಂತ್ಯಾಗಿದ್ದ. ನಾಲ್ಕು ಮಂದಿ ನೋಡ್ಯಾರ," ಅಂದರು ಅವರು. "ಆ ಖೂನಿಗೆ ಇವನ್ನ ಯಾರೂ ತರಲಿಲ್ಲ. ಈ ಖೂನಿಗೆ ತಂದಾರ. ಇದನ್ನ ಇಂವ ಮಾಡ್ಯಾನಂತ ತೋರಿಸವರಿಲ್ಲ. ನಾ ಏನ್ ಮಾಡ್ಲೋ?"

ನಿಂತರು. ಉದಗೀರದ ಸಂತೆಯವರನ್ನು ಕರೆಸಿದರು. ಸಂಶಯದ ಫಾಯದಾ ಸಿಕ್ಕು ಮೈದುನ ಬಿಡುಗಡೆಯಾದ. ಅವನು ಕಾಲಿಗೆ ಬೀಳಲು ಬಂದಾಗ ಅವರು ಹಿಂದೆ ಸರಿದರು.

ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಆ ಒಕ್ಕಲಿಗನ ಹೆಂಡತಿ ಕೂತಿದ್ದಳು. ಠಾಣಾ ಕುಶನೂರದಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದಳಂತೆ, ಮೈದುನನಿಗೆ ಇವತ್ತು ಶಿಕ್ಷೆಯಾಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ. ಪಕ್ಕದಲ್ಲಿ ಪಿಂಜಾರನ ಹೆಂಡತಿಯೂ ಇದ್ದಳು. ಅವರು ಮೆಟ್ಟಿಲಿಳಿದು ಹೋಗಿ ಇಬ್ಬರ ಮುಂದೆಯೂ ಕೈಮುಗಿದು ನಿಂತರು. ಆಕೆ ಸೆರಗು ಕೊಡವಿಕೊಂಡು ಎದ್ದಳು. ಪಿಂಜಾರನ ಹೆಂಡತಿಯ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಬಸ್ಸು ನಿಲ್ಲುವ ಕಡೆಗೆ ನಡೆದು ಹೋದರು.